ಅತ್ತೆ ಮುಟ್ಟದ ಹೋಳಿಗೆ

ನನ್ನ ಅತ್ತೆ ಸಿದ್ದಲಿಂಗಮ್ಮನವರಿಗೂ ನನಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ನಾನು ಮಾಡಿದ ಸಾರಿಗೆ ಉಪ್ಪು ಸರಿಯಿದೆ ಎಂದು ಅವರು ಒಂದು ದಿನವೂ ಒಪ್ಪಿದವರಲ್ಲ. ನಮ್ಮೂರು ಉಬ್ರಾಣಿಯಲ್ಲಿ ಯಾರ ಮನೆಯಲ್ಲಿ ಹೋಳಿಗೆ ಬೇಯುತ್ತಿದ್ದರೂ ಅವರ ಮೂಗಿಗೆ ಮೊದಲು ಗೊತ್ತು. ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಹೋಗಿ, ತಿಂದು ಬಂದು, ಹೂರಣ ಸಾಲದು ಎನ್ನುವರು. ಶಾಲೆಯ ಮುಖ ಕಂಡವರಲ್ಲ. ಬಸ್ಸಿನ ಬೋರ್ಡನ್ನೂ ಮೊಮ್ಮಗಳೇ ಓದಿ ಹೇಳಬೇಕು.

ಹೋದ ವರ್ಷ ಆ ಮೊಮ್ಮಗಳಿಗೆ, ಅಂದರೆ ನನ್ನ ಮಗಳು ಸಂಧ್ಯಾರಾಣಿಗೆ, ದಾವಣಗೆರೆಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಅದೇ ವಾರ ಹೊನ್ನಾಳಿಯಿಂದ ಸಂಬಂಧ ಬಂತು. ಒಳ್ಳೇ ಮನೆತನ ಎಂದು ನನ್ನ ಯಜಮಾನರು ಬೆನಕಪ್ಪನವರು ಕುಣಿದುಬಿಟ್ಟರು. ಸೀಟು ಕೈಬಿಟ್ಟು ಹೋಗುತ್ತದೆ ಎಂದು ಮಗಳು ಅತ್ತಳು. ನಾನೂ ಬಾಯಿ ಹಾಕಿ ನೋಡಿದೆ, ಕೇಳುವವರು ಯಾರು? ಹುಡುಗನ ತಂದೆ ರುದ್ರಮುನಿಯವರು ಫೋನಿನಲ್ಲಿ, "ಮದ್ವೆ ಆದ್ಮೇಲೆ ನಾವೇ ಓದಿಸ್ತೀವಿ ಬಿಡ್ರಿ" ಎಂದಿದ್ದರು. ಇವರಿಗೆ ಅಷ್ಟೇ ಸಾಕಾಯಿತು.

ಹುಡುಗನ ಮನೆ ನೋಡಲು ಅತ್ತೆ, ಯಜಮಾನರು, ನಾನು ಹೊನ್ನಾಳಿಗೆ ಹೋದೆವು. ನಮ್ಮಲ್ಲಿ ಹೀಗೆ ಹೋದವರು ಚಹಾ, ಉಪ್ಪಿಟ್ಟು ತೆಗೆದುಕೊಳ್ಳಬಹುದು. ಊಟ ಮಾಡಿದರೆ ಮಾತ್ರ ಸಂಬಂಧ ಒಪ್ಪಿದಂತೆ. ಮೊದಲ ತುತ್ತು ಹಿರಿಯರದು. ಹುಡುಗನ ಮನೆಯವರೋ ಜಾಣರು, ನಾವು ಕಾಲಿಡುವ ಹೊತ್ತಿಗೆ ಎಲೆ ಹಾಕಿಬಿಟ್ಟಿದ್ದರು. ಹೋಳಿಗೆ ಬಂತು. ಅತ್ತೆಯ ಕಣ್ಣು ಅಲ್ಲೇ ನೆಟ್ಟಿತು. ನನ್ನ ಮಗಳ ಓದು ಮುಗಿಯಿತು ಎಂದುಕೊಂಡೆ.

ಬಡಿಸುತ್ತಿದ್ದವಳು ಆ ಮನೆಯ ಹಿರಿಸೊಸೆ ಚೈತ್ರಶ್ರೀ. ಅತ್ತೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು, "ನೀನು ಎಲ್ಲಿಗಂಟ ಓದಿದೀಯವ್ವಾ?"

"ಬಿ.ಎಸ್ಸಿ. ಎರಡನೇ ವರ್ಷ, ಅಜ್ಜಿ."

"ಆಮ್ಯಾಲೆ?"

ಆಕೆ ಮಾವನ ಕಡೆ ನೋಡಿದಳು. ಆದರೂ ಹೇಳಿದಳು. "ಮದ್ವೆ ಆದ್ಮೇಲೆ ಓದಿಸ್ತೀವಿ ಅಂದಿದ್ರು. ಆರು ವರ್ಷ ಆತು."

"ಮನೆ ಅಂದ್ಮೇಲೆ ಕೆಲಸ ಇರ್ತೈತೆ ನೋಡ್ರಿ," ರುದ್ರಮುನಿಯವರು ನಕ್ಕರು. "ಊಟ ಮಾಡ್ರಿ, ಆರ್ತೈತೆ."

ಅತ್ತೆ ಹೋಳಿಗೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಬಡಿಸಿದ್ದೆಲ್ಲ ಹಾಗೇ ಇರುವಾಗಲೇ ಎಲೆ ಮಡಚಿದರು.

"ನಂಗೆ ಹಸಿವಿಲ್ರೀ. ನಮ್ಮ ಹುಡುಗಿ ಓದು ಮುಗಿಸ್ಲಿ. ಆಮ್ಯಾಲೂ ಮನಸ್ಸಿದ್ರೆ ನೀವೇ ಉಣ್ಣಾಕೆ ನಮ್ಮನೆಗೆ ಬರ್ರಿ."

ಹಿರಿಯರು ಎದ್ದ ಮೇಲೆ ನಾವು ಕೂತಿರುವುದು ಹೆಂಗೆ? ಬಸ್ ಸ್ಟ್ಯಾಂಡಿನಲ್ಲಿ ಯಜಮಾನರು ಮುಖ ಊದಿಸಿಕೊಂಡು ದೂರ ನಿಂತರು. ಅತ್ತೆ ಗಬಗಬ ಮಂಡಕ್ಕಿ ಮುಕ್ಕಿದರು. ಮದುವೆಯಾಗಿ ಬಂದಾಗಿನಿಂದ ಮೊದಲ ಸಲ ಅವರ ಕಾಲು ಹಿಡಿಯಬೇಕೆನಿಸಿತು.

ಸಂಧ್ಯಾರಾಣಿ ಕಾಲೇಜಿಗೆ ಸೇರಿದ ದಿನ ನಾನೇ ಹೋಳಿಗೆ ಮಾಡಿದೆ. ಹೂರಣದ ತಕರಾರಿಗೆ ಕಾದೆ. ಅತ್ತೆ ಹೋಳಿಗೆ ಮುರಿದು, ಬಾಯಿಗಿಡದೆ ನನ್ನನ್ನು ಕೇಳಿದರು.

"ಪ್ರೇಮಾ, ಎಲ್ಲರ ಮುಂದೆ ನಿಜ ಹೇಳಿದ್ಲಲ್ಲ, ಆ ಹುಡುಗಿಗೆ ಅವತ್ತು ಊಟ ಹಾಕಿದ್ರೋ ಇಲ್ಲೋ?"