ಹೃದಯ ಕಾಯುವ ನಮ್ಮ ಭಾವ

ಮರೆತ ಕನ್ನಡಕ ತರಲು ಹಿಂದಿರುಗಿ ಹೊರಟ ನಾನು ಹೃದಯದ ಕವಾಟದಲ್ಲಿ ಸಿಕ್ಕಿಕೊಂಡೆ. ತಲೆ ಎಡ ಹೃತ್ಕರ್ಣವೆಂಬ ಮೇಲಿನ ಕೋಣೆಯಲ್ಲಿ, ಹೊಟ್ಟೆ ಬಾಗಿಲಲ್ಲಿ, ಉಳಿದದ್ದು ಕೆಳಗಿನ ಹೃತ್ಕುಕ್ಷಿಯಲ್ಲಿ.

ಇದು ವಿಜ್ಞಾನ ಸಂಗ್ರಹಾಲಯದ ಎರಡು ಮಹಡಿ ಎತ್ತರದ ಹೃದಯ. ಕಾಯುವವರು ನಮ್ಮಕ್ಕನ ಗಂಡ. ಟಿಕೆಟ್ ಕೊಂಡವರೇ ರಕ್ತ. ನೀಲಿ ಬಾಗಿಲಿನಿಂದ ಬಲಗಡೆಯ ಎರಡು ಕೋಣೆ ಹೊಕ್ಕು, ಶ್ವಾಸಕೋಶವೆಂಬ ಬಾಲ್ಕನಿಗೆ ಹತ್ತಿ ಗಾಳಿ ಕುಡಿದು, ಎಡಗಡೆಯ ಎರಡು ಕೋಣೆಗಳಿಗೆ ಇಳಿದು, ಮಹಾಪಧಮನಿ ಎಂಬ ಜಾರುಬಂಡೆಯಲ್ಲಿ ಅಂಗಳಕ್ಕೆ ಬೀಳಬೇಕು. ಅಂಗಳವೇ ಮೈ, ಅಲ್ಲಿ ಸುತ್ತಾಡಿ ದಣಿದವರು ಮತ್ತೆ ನೀಲಿ ಬಾಗಿಲಿಗೆ ಬರಬಹುದು. ನಡುವಿನ ಕವಾಟಗಳು ದಪ್ಪ ರಬ್ಬರಿನವು. ಮುಂದೆ ಹೋಗುವವರಿಗೆ ತೆರೆಯುತ್ತವೆ, ಹಿಂದೆ ಬರುವವರನ್ನು ಕಚ್ಚಿಕೊಳ್ಳುತ್ತವೆ.

ಭಾವನಿಗೆ ಈ ಕೆಲಸ ಮೈಗೇ ಹತ್ತಿದೆ. ಮನೆಯಲ್ಲೂ ಮುಂಬಾಗಿಲಿನಿಂದ ಹೋದವರು ಹಿಂಬಾಗಿಲಿನಿಂದಲೇ ಬರಬೇಕು. ಅಕ್ಕ ಒಮ್ಮೆ ಜಗಳವಾಡಿ ತವರಿಗೆ ಹೊರಟಾಗ, "ಹೋಗು. ಆದ್ರೆ ಹೋದ ದಾರೀಲೇ ವಾಪಸ್ ಬರಬೇಡ" ಎಂದಷ್ಟೇ ಹೇಳಿದರಂತೆ.

ಅಂದು ಅವರ ಅನ್ನಕ್ಕೇ ಸಂಚಕಾರ ಬಂದಿತ್ತು. ಭಾವನನ್ನು ತೆಗೆದು ಮೆಷಿನ್ ಬಾಗಿಲು ಕೂರಿಸುವುದೋ ಬೇಡವೋ ಎಂದು ನೋಡಲು ಮೇಲಧಿಕಾರಿ ಬರುವವರಿದ್ದರು. ಜನ ಜಾಸ್ತಿ ಕಾಣಲಿ ಎಂದು ಭಾವ ನನ್ನನ್ನೂ ಕರೆಸಿದ್ದರು. ಅಧಿಕಾರಿ ಬಂದರು, ಸರಿಯಾಗಿ ನನ್ನ ಮುಖದ ಮುಂದೆ ನಿಂತರು. ಅವರ ಹಿಂದೆ ಬಾಲ್ಕನಿಯವರೆಗೂ ಜನ.

"ಯಾರ್ರೀ ಇದು?"

"ನಮಸ್ಕಾರ ಸಾರ್," ಎಂದೆ. ಕೈಗಳು ಕೆಳಗಿನ ಕೋಣೆಯಲ್ಲಿದ್ದುದರಿಂದ ಮುಗಿಯಲಾಗಲಿಲ್ಲ.

"ಇವರನ್ನ ಈ ಕಡೆ ತಳ್ರೀ!"

ಕೆಳಗಿನಿಂದ ಭಾವನ ದನಿ: "ಆಗಲ್ಲ ಸಾರ್. ರಕ್ತ ವಾಪಸ್ ಬರಲ್ಲ."

"ರಕ್ತ ಅಲ್ಲ ಕಣ್ರೀ, ಮನುಷ್ಯ!"

"ಟಿಕೆಟ್ ತಗೊಂಡಿದಾರೆ ಸಾರ್."

"ಭಾವ, ಏನಾದ್ರೂ ಮಾಡಿ," ಎಂದು ಗೋಗರೆದೆ.

"ಉಸಿರು ಬಿಡು ಮಾರಾಯ. ನಿನಗೆ ಎರಡನೇ ಸಲ ಬಡಿಸಬೇಡ ಅಂತ ನಿಮ್ಮಕ್ಕನಿಗೆ ಬಡ್ಕೊಂಡೆ."

ಕಾಲು ಹಿಡಿದು ಎಳೆದರು. ರಬ್ಬರು ಫಟ್ಟೆಂದಿತು. ನಾನು ಭಾವನ ಮೇಲೆ, ಅಧಿಕಾರಿ ನನ್ನ ಮೇಲೆ, ಅವರ ಬೆನ್ನಿಗೆ ತಡೆದು ನಿಂತಿದ್ದ ಜನವೆಲ್ಲ. ಒಂದೇ ನೂಕಿಗೆ ಇಡೀ ಹಿಂಡು ಜಾರುಬಂಡೆಯಲ್ಲಿ ಉರುಳಿ ಅಂಗಳಕ್ಕೆ ಬಿತ್ತು.

ಅಧಿಕಾರಿ ಷರ್ಟಿನ ಗುಂಡಿ ಹುಡುಕುತ್ತ ಎದ್ದರು. "ಮೆಷಿನ್ ಬಾಗಿಲಿದ್ದಿದ್ರೆ ಹೀಗಾಗ್ತಿತ್ತೇನ್ರೀ?"

ಭಾವ ಟೋಪಿ ಸರಿಮಾಡಿಕೊಂಡರು.

"ಇಲ್ಲ ಸಾರ್. ನೀವಿನ್ನೂ ಎಡ ಹೃತ್ಕರ್ಣದಲ್ಲೇ ಇರ್ತಿದ್ರಿ."