ಹೊಳೆ ಸುಮ್ಮನಾದ ಹೊತ್ತು

ಇಂಥ ಕಥೆಗಳನ್ನು ಬೇರೆಯವರು ಹೇಳಿದಾಗ ಮುಸಿಮುಸಿ ನಗುತ್ತಿದ್ದವಳು ನಾನು. ನನ್ನದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಗಾಜಿನ ಮೇಲೆ ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬರೆಯದಿರುವುದು, ಅಷ್ಟೇ ನನಗೆ ಗೊತ್ತು. ಆದ್ದರಿಂದ ಈಗ ಹೇಳುವುದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಮದುವೆಯಾಗಿ ನಂಜನಗೂಡಿನಿಂದ ಪಣಕಹಳ್ಳಿಗೆ ಬಂದ ಎರಡನೇ ವರ್ಷ ಅದು. ಮೋಯಾರು ಕಣಿವೆಯಲ್ಲಿ, ಹೊಳೆಯ ಆಚೆ ದಡಕ್ಕೆ, ನನ್ನ ಗಂಡನ ಮನೆಯವರು ನಡೆದುಕೊಳ್ಳುವ ಒಂದು ಮಾದಪ್ಪನ ಕಲ್ಲಿದೆ. ವರ್ಷಕ್ಕೊಂದು ಸಲ ಫಾರೆಸ್ಟ್‌ನವರ ಅನುಮತಿ ಪಡೆದು, ಒಬ್ಬ ವಾಚರ್ ಜೊತೆ ಹಗಲಲ್ಲೇ ಹೋಗಿ ಪೂಜೆ ಮಾಡಿ ಬರಬೇಕು. ಆ ಸಲ ನಾನು, ನನ್ನ ಗಂಡ, ನಮ್ಮತ್ತೆ ಹೊರಟೆವು. ನಾನು ಹೋಗುತ್ತಿದ್ದುದು ಅದೇ ಮೊದಲು. ಅತ್ತೆಗೂ ನನಗೂ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ.

ಜೀಪು ಬಿಟ್ಟ ಮೇಲೆ ಎರಡು ಗಂಟೆ ಇಳಿಜಾರು. ಒಣಗಿದ ಬಿದಿರು, ಜಾರುವ ತರಗೆಲೆ, ನೋಯುವ ಮೊಣಕಾಲು. ಒಂದು ತಿರುವಿನಲ್ಲಿ ಕಣಿವೆ ಇಡಿಯಾಗಿ ಕಂಡಿತು, ನಾನು ನಿಂತುಬಿಟ್ಟೆ. ಎರಡೂ ಕಡೆ ಬೆಟ್ಟ, ಕೆಳಗೆ ಹೊಳೆಮತ್ತಿ ಮರಗಳ ದಟ್ಟ ಹಸಿರು, ಅದರ ನಡುವೆ ಬಿಸಿಲಿಗೆ ಮಿನುಗುವ ನೀರು. ಇಷ್ಟು ಚೆಂದದ ಜಾಗವನ್ನು ಎರಡು ವರ್ಷ ತೋರಿಸಲಿಲ್ಲವಲ್ಲ ಎಂದು ಗಂಡನ ಮೇಲೆ ಸಿಟ್ಟೂ ಬಂತು.

ಪೂಜೆ ಸಾಮಾನು ಹೊತ್ತುಕೊಂಡು ಗಂಡ ಮತ್ತು ವಾಚರ್ ಮೊದಲು ಹೊಳೆ ದಾಟಿದರು. ನೀರು ಮೊಣಕಾಲಿನವರೆಗಷ್ಟೇ ಇತ್ತು. ಗಂಡನ ಮನೆಯವರದೊಂದು ಪದ್ಧತಿ: ನೀರಿಗೆ ಕಾಲಿಡುವ ಮೊದಲು ತಾವು ಯಾರೆಂದು ಹೊಳೆಗೆ ಹೇಳಬೇಕು. ಹೊಸದಾಗಿ ಬಂದ ಸೊಸೆಯಾದರೆ ತವರಿನ ಹೆಸರು, ಸೇರಿದ ಮನೆಯ ಹೆಸರು ಎರಡನ್ನೂ ತಾನೇ ಬಾಯಿಬಿಟ್ಟು ಹೇಳಬೇಕು. ಅತ್ತೆ ಬೊಗಸೆಯಲ್ಲಿ ನೀರೆತ್ತಿ ತಮ್ಮದನ್ನು ಹೇಳಿ ಮುಗಿಸಿ, ನನ್ನ ಕಡೆ ನೋಡಿದರು.

“ಹೊಳೆಗೂ ಆಧಾರ್ ಕಾರ್ಡ್ ತೋರಿಸಬೇಕಾ ಅತ್ತೆ?” ಎಂದೆ.

“ನಿನ್ನಿಷ್ಟ ಕಣವ್ವ. ನಾವಂತೂ ಯೋಳ್ದೆ ದಾಟಲ್ಲ,” ಎಂದು ಅವರು ನೀರಿಗಿಳಿದರು. ನಾನು ಏನೂ ಹೇಳದೆ ಹಿಂದೆಯೇ ಇಳಿದೆ.

ನಡುಹೊಳೆಯಲ್ಲಿ ಅತ್ತೆಯ ಕಾಲು ಎರಡು ಕಲ್ಲುಗಳ ಸಂದಿಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಿತು. ಅಷ್ಟರಲ್ಲಿ ನೀರಿನ ಬಣ್ಣ ಕದಡಿತು. ಮೇಲೆಲ್ಲೋ ಮಳೆಯಾಗಿತ್ತೋ, ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೋ, ಮೊಣಕಾಲಿಗಿದ್ದದ್ದು ನೋಡುನೋಡುತ್ತ ತೊಡೆಗೆ ಬಂತು. ಆ ಮೊರೆತದಲ್ಲಿ ನನ್ನ ದನಿ ನನಗೇ ಕೇಳದು. ಆಚೆ ದಡದಿಂದ ನೀರಿಗೆ ಹಾರಿದ ಗಂಡ ಎರಡೇ ಹೆಜ್ಜೆಗೆ ಮುಗ್ಗರಿಸಿ ಬಿದ್ದ, ವಾಚರ್ ಅವನನ್ನು ಹಿಡಿದು ಹಿಂದಕ್ಕೆಳೆದ. ಗಂಡನ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಮಾತ್ರ ನಮ್ಮವರೆಗೆ ಬರುತ್ತಿರಲಿಲ್ಲ.

ಅತ್ತೆ ನನ್ನ ಕಿವಿಗೆ ಬಾಯಿಟ್ಟು, “ನನ್ ಬುಟ್ಟು ನೀ ಓಗವ್ವ,” ಎಂದರು.

ನನಗೆ ಅಳು ಒತ್ತಿಕೊಂಡು ಬಂತು. ಅಳುತ್ತಲೇ ಹೊಳೆಗೆ ಕೂಗಿ ಹೇಳಿದೆ: “ನಾನು ನಂಜನಗೂಡಿನ ಶಿವಣ್ಣನ ಮಗಳು. ಪಣಕಹಳ್ಳಿಯ ಈ ಅಮ್ಮನ ಸೊಸೆ. ಇವರನ್ನು ಬಿಟ್ಟು ನಾನು ಹೋಗಲ್ಲ.” ನಂಬಿ ಹೇಳಿದ್ದಲ್ಲ. ಆ ಹೊತ್ತಿಗೆ ಬೇರೇನೂ ತೋಚಲಿಲ್ಲ.

ಸದ್ದು ನಿಂತಿತು.

ನೀರು ನಿಲ್ಲಲಿಲ್ಲ. ನೊರೆಯೆಬ್ಬಿಸಿಕೊಂಡು ಹರಿಯುತ್ತಲೇ ಇತ್ತು, ತೊಡೆಗೆ ಒತ್ತುತ್ತಲೇ ಇತ್ತು. ಸದ್ದು ಮಾತ್ರ ಇಲ್ಲ. ಅತ್ತೆಯ ಉಸಿರು ಕೇಳಿತು, ದಡದ ಮರದಲ್ಲಿ ಹಕ್ಕಿಯೊಂದು ರೆಕ್ಕೆ ಕೊಡವಿದ್ದೂ ಕೇಳಿತು. ನನ್ನ ಭಯ ಎಲ್ಲಿ ಹೋಯಿತೋ ತಿಳಿಯದು. ತುಂಬ ದೊಡ್ಡವರೊಬ್ಬರ ಎದುರು ನಿಂತ ಹಾಗೆ ಮೈ ನಡುಗುತ್ತಿತ್ತು, ಮನಸ್ಸು ಮಾತ್ರ ತಣ್ಣಗಿತ್ತು. ಆಗ ನೀರಿನಡಿಯಲ್ಲಿ ಕಲ್ಲಿಗೆ ಕಲ್ಲು ಉಜ್ಜುವ ಸಣ್ಣ ಸದ್ದು ಕೇಳಿಸಿತು, ಅತ್ತೆಯ ಹಿಮ್ಮಡಿಯ ಹತ್ತಿರದಿಂದ. ಅಷ್ಟು ಹೊತ್ತು ನಾವು ಕಾಲನ್ನು ಮುಂದಕ್ಕೆ ಎಳೆಯುತ್ತಿದ್ದೆವು, ಅಲುಗುವ ಕಲ್ಲು ಇದ್ದದ್ದು ಹಿಂದೆ. ಬಗ್ಗಿ ಅದನ್ನು ತಳ್ಳಿದೆ. ಕಾಲು ಬಿಡಿಸಿಕೊಂಡಿತು. ಒಬ್ಬರನ್ನೊಬ್ಬರು ತಬ್ಬಿ ಹಿಡಿದು ಹತ್ತು ಹನ್ನೆರಡು ಹೆಜ್ಜೆ ನಡೆದು ಆಚೆ ದಡದ ಮರಳಿಗೆ ಕಾಲಿಟ್ಟೆವು. ಇಟ್ಟ ಕ್ಷಣವೇ ಮೊರೆತ ಮತ್ತೆ ಕಿವಿಗೆ ಅಪ್ಪಳಿಸಿತು.

ಗಂಡನನ್ನು ಕೇಳಿದೆ, ವಾಚರನ್ನೂ ಕೇಳಿದೆ. ಸದ್ದು ಒಂದು ಗಳಿಗೆಯೂ ನಿಂತಿರಲಿಲ್ಲವಂತೆ. ಕೂಗಿ ಕೂಗಿ ಗಂಡನ ಗಂಟಲು ಕಟ್ಟಿಹೋಗಿತ್ತು. ಭಯಕ್ಕೆ ಕಿವಿ ಕೇಳದೆ ಹೋಗುವುದುಂಟು ಎಂದು ಆಮೇಲೆ ನಮ್ಮ ಲ್ಯಾಬಿನ ಡಾಕ್ಟರು ಹೇಳಿದರು. ಇರಬಹುದು. ಹಾಗಾದರೆ ಅಷ್ಟು ಸಣ್ಣ ಸದ್ದು ಕೇಳಿಸಿದ್ದು ಹೇಗೆ?

ಅತ್ತೆಯನ್ನು ಕೇಳಲು ಮಾತ್ರ ಧೈರ್ಯವಾಗಲಿಲ್ಲ. ಇಲ್ಲವೆಂದರೂ ಕಷ್ಟ, ಹೌದೆಂದರೂ ಕಷ್ಟ. ವಾರ ಕಳೆದ ಮೇಲೆ, ಅವರ ಊದಿದ ಕಾಲಿಗೆ ಎಣ್ಣೆ ಹಚ್ಚುತ್ತ, ಅವತ್ತು ಹೊಳೆಯ ಸದ್ದು ನಿಂತಿತ್ತಾ ಎಂದು ಕೇಳಿಯೇಬಿಟ್ಟೆ.

ಇದೇನು ಕೇಳುತ್ತಿದ್ದಾಳೆ ಎಂಬಂತೆ ನೋಡಿದರು. “ನಿಂತೋಯ್ತು ಕಣವ್ವ. ನೀ ಮಾತಾಡ್ತಿದ್ದಲ್ಲ, ಒಳೆನೂ ಕೇಳಸ್ಕಬೇಕಲ್ಲ,” ಎಂದರು.

ಎಂಟು ವರ್ಷವಾಯಿತು. ಆ ಮಾತನ್ನು ಒಪ್ಪಲೂ ಆಗಿಲ್ಲ, ತಳ್ಳಿಹಾಕಲೂ ಆಗಿಲ್ಲ. ಈಗ ಯಾವ ಹೊಳೆಯ ಹತ್ತಿರ ಹೋದರೂ ಸ್ವಲ್ಪ ಹೊತ್ತು ನಿಂತು ಅದರ ಸದ್ದಿಗೆ ಕಿವಿಗೊಡುತ್ತೇನೆ. ಅದು ನಿಲ್ಲಲಿ ಎಂದು ಕಾಯುತ್ತೇನೋ, ನಿಲ್ಲದಿರಲಿ ಎಂದು ಕಾಯುತ್ತೇನೋ, ನನಗೇ ಗೊತ್ತಿಲ್ಲ.