ದಾರ್ಸೈಟಿನ ಬ್ರಾಹೂಯಿಗಳು

ಇವತ್ತು ಬೆಳಿಗ್ಗೆ ನನ್ನ ಸೊಸೆ ಹಾಲು ಉಕ್ಕುವುದನ್ನು ಕಾಯುತ್ತ, ಕೈಯಲ್ಲಿದ್ದ ಚಮಚದಿಂದ ಚಪಾತಿ ಮಣೆಯ ಅಂಚನ್ನು ಟಕ್ಕ ಟಕ್ಕ ಕುಟ್ಟುತ್ತಿದ್ದಳು. ಪೇಪರ್ ಓದುತ್ತಿದ್ದ ನಾನು ಅರ್ಧ ಸಾಲಿಗೇ ನಿಂತುಬಿಟ್ಟೆ. ಮರದ ಮೇಲೆ ಚಮಚ ಬೀಳುವ ಸದ್ದು ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ನನಗಂತೂ ಮಸ್ಕತ್ತಿನ ದಾರ್ಸೈಟಿನಲ್ಲಿ ಎರಡನೇ ಮಹಡಿಯ ಒಂದು ಫ್ಲ್ಯಾಟು, ನೆಲದ ಮೇಲೆ ಹಾಸಿದ ಬಿಳಿ ಚಾದರ, ಧೋಲಕ್ಕಿನ ಮರದ ಮೈಗೆ ಚಮಚದಿಂದ ತಾಳ ಹಾಕುತ್ತಿರುವ ಒಬ್ಬ ಹೆಂಗಸು, ಮತ್ತು ಜಾರುತ್ತಿರುವ ಪೈಜಾಮವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹಾಡುತ್ತಿರುವ ನಾನು, ಎಲ್ಲ ಒಟ್ಟಿಗೆ ನೆನಪಾಗುತ್ತದೆ.

ಪೈಜಾಮದ ವಿಷಯಕ್ಕೆ ಬರುತ್ತೇನೆ. ಮೊದಲು ಶಾಹೀನಾ ಬಾಜಿಯ ಪರಿಚಯವಾಗಬೇಕು.

ಎಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ, ಉಡುಪಿಯಿಂದ ನೇರವಾಗಿ ಆ ಊರಿಗೆ ಹೋಗಿ ಇಳಿದವಳು ನಾನು. ಗಂಡ ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಹೋದರೆ ಮಧ್ಯಾಹ್ನದವರೆಗೆ ನಾನು, ಏಸಿಯ ಸದ್ದು, ಕಿಟಕಿಯಾಚೆ ಬೋಳು ಬೆಟ್ಟ. ಮೂರನೆಯ ದಿನ ಬಾಗಿಲು ಬಡಿದವರು ಮೇಲಿನ ಮನೆಯ ಶಾಹೀನಾ ಬಾಜಿ. ಲಾಹೋರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಹೈಸ್ಕೂಲಿನಲ್ಲಿ ಹಿಂದಿ ಪರೀಕ್ಷೆಗಳನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿದ ಹೆಮ್ಮೆ ನನ್ನಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು. ಕೈ ಮುಗಿದು, “ಕೃಪಯಾ ಆಸನ್ ಗ್ರಹಣ್ ಕೀಜಿಯೇ” ಎಂದೆ. ಅವರು ಕೂರಲಿಲ್ಲ. ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ತಗ್ಗಿಸಿ ಭಕ್ತಿಯಿಂದ ನಿಂತರು. ನಾನು ಏನೋ ಮಂತ್ರ ಹೇಳುತ್ತಿದ್ದೇನೆ, ಮುಗಿಯಲಿ ಎಂದು ಕಾದಿದ್ದರಂತೆ. ಆಮೇಲೆ ಇಬ್ಬರೂ ನಗುತ್ತ ನಗುತ್ತ ಅದೇ ಸೋಫಾದ ಮೇಲೆ ಬಿದ್ದೆವು. ಅವತ್ತಿನಿಂದ ಅವರು ನನಗೆ ಬಾಜಿ, ಅಂದರೆ ಅಕ್ಕ, ನಾನು ಅವರ ಬಾಯಲ್ಲಿ ‘ಮುನ್ನೀ’, ಅಂದರೆ ಪುಟ್ಟಿ.

ನಾವು ಮೀನು ಕೂಡ ತಿನ್ನದವರು ಎಂದು ಗೊತ್ತಾದ ಮೇಲೆ ಬಾಜಿ ನನಗಾಗಿ ಒಂದು ಹೊಸ ಪಾತ್ರೆ ತಂದಿಟ್ಟರು. ಹಾಲಿನಲ್ಲೇ ಕುದಿಸುವ ಅವರ ಚಹಾ ಅದರಲ್ಲಿ ಮಾತ್ರ. ಅವರ ಮನೆಯ ಮಾತು ನನಗೆ ಬಹಳ ದಿನ ಬಿಡಿಸಲಾಗದ ಒಗಟಾಗಿತ್ತು. ಗಂಡ ಅಷ್ರಫ್ ಭಾಯಿಯ ಹತ್ತಿರ ಜಗಳವಾಡುವುದು ಪಂಜಾಬಿಯಲ್ಲಿ, ಮಕ್ಕಳನ್ನು ಗದರಿಸುವುದು ಉರ್ದುವಿನಲ್ಲಿ. ಯಾಕೆ ಬಾಜಿ ಎಂದು ಕೇಳಿದರೆ, ಮಕ್ಕಳು ಮರ್ಯಾದಸ್ಥರಾಗಬೇಕಲ್ಲ ಎಂದರು. ನನಗೆ ನಮ್ಮದೇ ಕೆಳಗಿನ ಮನೆ ನೆನಪಾಯಿತು. ಅಲ್ಲಿದ್ದ ಜೂಲಿಯಾನಾ ಬಾಯಿ ನಮ್ಮೂರ ಹತ್ತಿರದ ಶಿರ್ವದ ಕಡೆಯವರು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ಊರಿನವರು ಸಿಕ್ಕರೆ ತುಳು. ಮಗ ಮಾತ್ರ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ. ಮರ್ಯಾದೆಗೊಂದು ಭಾಷೆ, ಜಗಳಕ್ಕೊಂದು ಭಾಷೆ ಇಟ್ಟುಕೊಳ್ಳುವುದರಲ್ಲಿ ಲಾಹೋರಿಗೂ ಶಿರ್ವಕ್ಕೂ ಏನೂ ಅಂತರವಿರಲಿಲ್ಲ.

ಹೀಗಿರುವಾಗ ಬಾಜಿಯ ತಂಗಿ ರುಖ್ಸಾನಾಳ ಮದುವೆ ನಿಶ್ಚಯವಾಯಿತು. ಹುಡುಗ ಇಮ್ತಿಯಾಜ್, ಒಮಾನಿನದೇ ಕರಾವಳಿಯ ಊರು ಸೋಹಾರಿನಲ್ಲಿ ಇಂಜಿನಿಯರ್. ಅವನ ಮನೆಯವರು ಪಂಜಾಬಿನಿಂದ ಬಂದು ಅಲ್ಲೇ ನೆಲೆಯೂರಿದ್ದರು. ಹಾಗಾಗಿ ಮದುವೆ ಮಸ್ಕತ್ತಿನಲ್ಲೇ ಆಗುವುದೆಂದು ಮಾತಾಯಿತು. ಹುಡುಗಿಗೆ ತಾಯಿ ಇರಲಿಲ್ಲ. ಚಿಕ್ಕಮ್ಮಂದಿರು, ಅತ್ತೆಯರು, ಅವರ ಹೆಣ್ಣುಮಕ್ಕಳು ಸೇರಿ ಹನ್ನೊಂದು ಮಂದಿ ಲಾಹೋರಿನಿಂದ ಬರುವವರಿದ್ದರು. ಅಷ್ರಫ್ ಭಾಯಿಯ ಕಫೀಲ್, ಅಂದರೆ ಅವರಿಗೆ ಕೆಲಸ ಕೊಟ್ಟ ಒಮಾನಿ ಯಜಮಾನರು, ತಾವೇ ಓಡಾಡಿದರೂ ವೀಸಾ ಸಿಕ್ಕಿದ್ದು ಇಬ್ಬರಿಗೆ ಮಾತ್ರ: ಹುಡುಗಿಗೆ ಮತ್ತು ಅವಳ ವಯಸ್ಸಾದ ತಂದೆಗೆ.

ಸುದ್ದಿ ಕೇಳಿದ ಹುಡುಗನ ತಾಯಿ ಹಮೀದಾ ಬೇಗಂ ಸೋಹಾರಿನಿಂದ ಫೋನು ಮಾಡಿದರು. ಹುಡುಗಿಯ ಕಡೆಗೆ ಹೆಂಗಸರೇ ಇಲ್ಲದ ಮೇಲೆ ಹಾಡು, ಅರಿಸಿನ, ಮೆಹಂದಿ ಯಾಕೆ, ನಿಕಾಹ್ ಒಂದು ಮುಗಿಸಿ ಕರೆದುಕೊಂಡು ಹೋಗುತ್ತೇವೆ ಎಂದರಂತೆ. ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ಆದರೆ ಬಾಜಿ ಆ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

“ಮುನ್ನೀ, ಹಾಡು ಅಂದರೆ ಬರೀ ಹಾಡಲ್ಲ. ನಮ್ಮ ಹುಡುಗಿಯ ಹಿಂದೆ ಇಷ್ಟು ಜನ ಇದ್ದೇವೆ, ನೋಡಿಕೊಂಡು ನಡೆಸಿಕೊಳ್ಳಿ ಅಂತ ಹೇಳುವುದು ಅದು. ಯಾರೂ ಹಾಡದ ಹುಡುಗಿ ಯಾರೂ ಇಲ್ಲದ ಹುಡುಗಿ.”

ಕಣ್ಣೊರೆಸಿಕೊಂಡು ಅವರು ಮುಂದಿನದನ್ನು ಹೇಳಿದಾಗ ನನ್ನ ಕೈಯಿಂದ ಸೌಟು ಜಾರಿತು. ಫೋನಿನಲ್ಲಿ ಬೇಗಂಗೆ ಅವರು, ನನ್ನ ಮಾಮನ ಹೆಣ್ಣುಮಕ್ಕಳು ಇಲ್ಲೇ ದಾರ್ಸೈಟಿನಲ್ಲಿದ್ದಾರೆ, ನೀವು ಗುರುವಾರ ಬನ್ನಿ, ಹಾಡಿ ತೋರಿಸುತ್ತೇವೆ ಎಂದುಬಿಟ್ಟಿದ್ದರು. ಆ ಮಾಮನ ಹೆಣ್ಣುಮಕ್ಕಳೆಂದರೆ ನಾನು ಮತ್ತು ಜೂಲಿಯಾನಾ ಬಾಯಿ.

ಉಪಾಯ ಅಷ್ರಫ್ ಭಾಯಿಯದು. ಬಲೂಚಿಸ್ತಾನದ ಗುಡ್ಡಗಳಲ್ಲಿ ಬ್ರಾಹೂಯಿ ಎಂಬ ಒಂದು ಭಾಷೆ ಇದೆ, ಪಂಜಾಬಿನವರಿಗೆ ಅದರ ಗಂಧಗಾಳಿ ಇಲ್ಲ. ಬಾಜಿಯ ಮಾಮ ಕ್ವೆಟ್ಟಾದಲ್ಲಿ ರೈಲ್ವೆ ಕೆಲಸಕ್ಕಿದ್ದು ಅಲ್ಲಿಯ ಬ್ರಾಹೂಯಿ ಹೆಣ್ಣನ್ನು ಮದುವೆಯಾಗಿದ್ದ, ನಾವು ಆತನ ಮಕ್ಕಳು, ಉರ್ದು ಅಷ್ಟಾಗಿ ಬರುವುದಿಲ್ಲ. ಹಾಡುವುದು ನಮಗೆ ಯಾವ ಭಾಷೆ ಬರುತ್ತದೋ ಅದರಲ್ಲಿ. ಅದೇ ಬ್ರಾಹೂಯಿ.

ನನ್ನ ಗಂಡ, “ನಮಗೆ ಎಂತಕ್ಕೆ ಬೇಕು ಮಾರಾಯ್ತಿ ಇದೆಲ್ಲ?” ಎಂದರು. ಅವರ ಭಯ ಸುಳ್ಳಲ್ಲ. ಇಂಡಿಯಾ ಪಾಕಿಸ್ತಾನ ಎಂದರೆ ಊರಿನಿಂದ ಬರುವ ಪೇಪರುಗಳಲ್ಲಿ ಬೇರೆಯೇ ಸುದ್ದಿ ಇರುತ್ತಿತ್ತು. ಆದರೆ ಜೂಲಿಯಾನಾ ಬಾಯಿ ಒಂದು ಕ್ಷಣವೂ ಯೋಚಿಸಲಿಲ್ಲ. “ನೀವು ಎಂತ ಹೆದರುದು? ನಮ್ಮ ಮದುವೆಯ ರೋಸ್ ಶಾಸ್ತ್ರಕ್ಕೆ ತೆಂಗಿನಹಾಲು ಹಚ್ಚಿ ಹಾಡುದಿಲ್ವಾ, ನಿಮ್ಮ ಉರುಟಣೆಗೆ ಅರಿಸಿನ ಹಚ್ಚಿ ಹಾಡುದಿಲ್ವಾ? ಇದೂ ಅದೇ. ಹಾಡಿಬಿಡುವ,” ಎಂದು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಉರುಟಣೆಯಲ್ಲಿ ಬೀಗರನ್ನು ಹಾಸ್ಯ ಮಾಡಿ ಹಾಡುವ ನಮ್ಮ ಅಜ್ಜಿಯ ಹಿಂದೆ ಕೂತು ದನಿಗೂಡಿಸಿದ ಅನುಭವವಷ್ಟೇ ನನ್ನದು. ಮೂರು ದಿನ ಹಳೆಯ ಹಾಡುಗಳ ಧಾಟಿಗೆ ಹೊಸ ಸಾಲು ಕಟ್ಟಿದೆ. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿತ್ತು.

ಗುರುವಾರ ಮಧ್ಯಾಹ್ನ ಬಾಜಿ ನಮ್ಮಿಬ್ಬರಿಗೂ ಹಳದಿ ಸಲ್ವಾರ್ ಕಮೀಜು ತೊಡಿಸಿದರು. ಹುಟ್ಟಿದಂದಿನಿಂದ ಲಂಗ, ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ ನಾನು. ನಾಲ್ಕು ಜನ ಹಿಡಿಸುವಷ್ಟು ಅಗಲದ ಆ ಪೈಜಾಮಕ್ಕೆ ಲಾಡಿ ಕಟ್ಟುವುದು ಗೊತ್ತಿಲ್ಲದೆ, ನಾಚಿಕೆಯಿಂದ ಯಾರನ್ನೂ ಕೇಳದೆ, ನನ್ನದೇ ವಿಧಾನದಲ್ಲಿ ಗಂಟು ಹಾಕಿದೆ. ಅದರ ಫಲವನ್ನು ಆಗಲೇ ಹೇಳಿದ್ದೇನೆ. ಹಣೆಯ ಕುಂಕುಮ ತೆಗೆಯಲು ನನಗೆ ಮನಸ್ಸಾಗಲಿಲ್ಲ. ತೆಗೆ ಎಂದು ಬಾಜಿಯೂ ಹೇಳಲಿಲ್ಲ. ದುಪಟ್ಟಾವನ್ನು ಹುಬ್ಬಿನವರೆಗೆ ಇಳಿಬಿಟ್ಟರು. ಜೂಲಿಯಾನಾ ಬಾಯಿಯ ಶಿಲುಬೆ ಕಮೀಜಿನೊಳಗೆ ಸೇರಿತು, ಹೆಸರು ಜುಲೇಖಾ ಎಂದಾಯಿತು. ನನ್ನ ಹೆಸರು ಯಾವ ಕಡೆ ಎಳೆದರೂ ಉರ್ದುವಾಗಲೊಲ್ಲದು, ಹಾಗಾಗಿ ಮುನ್ನೀಯೇ ಗತಿ.

ಎರಡು ವ್ಯಾನುಗಳಲ್ಲಿ ಹದಿನೇಳು ಹೆಂಗಸರು ಬಂದಿಳಿದರು. ಮುಂದೆ ಹಮೀದಾ ಬೇಗಂ. ಅಂಥ ಭವ್ಯ ದೇಹವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಫ್ಲ್ಯಾಟುಗಳ ಬಾಗಿಲು ಕಿರಿದು. ಅವರು ಸ್ವಲ್ಪ ಓರೆಯಾಗಿ ಒಳಗೆ ಬಂದರು. ಅವರನ್ನು ನೋಡುವ ಮೊದಲೇ ನಾನು ಕಟ್ಟಿದ್ದ ಹಾಡು ಹೀಗಿತ್ತು:

ನೀ ಬಾರೆ ಬೀಗಿತ್ತಿ, ಬಾಗಿಲು ಸಾಲದು,
ಗೋಡೆಯ ಕೆಡವುವೆವು, ಶೋಭಾನವೇ.
ಹಂಡೆಯ ಪಾಯಸ ಕಂಡರೆ ನಿನ ಕಣ್ಣು
ಹಂಡೆಗೂ ದೊಡ್ಡದು, ಶೋಭಾನವೇ.

ಮೊದಲು ಗಂಡಿನ ಕಡೆಯವರು ಹಾಡಿದರು. ಒಬ್ಬಾಕೆ ಧೋಲಕ್ಕಿನ ಎರಡೂ ಮಗ್ಗುಲು ಬಡಿಯುತ್ತಿದ್ದರೆ ಇನ್ನೊಬ್ಬಾಕೆ ಎದುರು ಕೂತು ಚಮಚದಿಂದ ಅದರ ಮರಕ್ಕೆ ತಾಳ ಹಾಕುತ್ತಿದ್ದಳು. ಹುಡುಗಿಗೆ ರೊಟ್ಟಿ ತಟ್ಟಲು ಬರುವುದಿಲ್ಲ, ಅವಳಕ್ಕನ ಮೂಗು ಉದ್ದ ಎಂಬರ್ಥದ ಹಾಡುಗಳು. ರುಖ್ಸಾನಾ ಹಳದಿ ದುಪಟ್ಟಾದೊಳಗೆ ತಲೆ ತಗ್ಗಿಸಿ ಕೂತಿದ್ದಳು. ಹಾಡು ಮುಗಿದು ಹದಿನೇಳು ಮುಖಗಳೂ ನಮ್ಮತ್ತ ತಿರುಗಿದವು. ರುಖ್ಸಾನಾ ನೆಲದ ಮೇಲೆ ಕೈ ಸರಿಸಿ ನನ್ನ ಬೆರಳು ಹಿಡಿದುಕೊಂಡಳು.

ನಾನು ಶುರು ಮಾಡಿದೆ. ಜೂಲಿಯಾನಾ ಬಾಯಿ ಇಗರ್ಜಿಯಲ್ಲಿ ಹಾಡಿ ಪಳಗಿದ ಗಂಟಲಿನಲ್ಲಿ ‘ಶೋಭಾನವೇ’ ಎಂದು ಎತ್ತಿದರು. ಕನ್ನಡ ಮುಗಿದರೆ ಅವರ ಕೊಂಕಣಿ, ಕೊಂಕಣಿ ಮುಗಿದರೆ ಮತ್ತೆ ನನ್ನ ಕನ್ನಡ. ನಡುವೆ ಎದ್ದು ನಿಂತು ಚಪ್ಪಾಳೆಯ ಸುತ್ತು ಹಾಕಿದೆವು. ನನ್ನದು ಒಂದೇ ಕೈಯ ಚಪ್ಪಾಳೆ, ಇನ್ನೊಂದು ಕೈ ಸೊಂಟದಲ್ಲಿ. ಬೀಗಿತ್ತಿಯ ಹಾಡು ಬಂದಾಗ ಬೇಗಂ ತಲೆದೂಗಿ, ವಾಹ್ ಎಷ್ಟು ಇಂಪು ಎಂದರು. ಬಾಜಿ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡರು.

ಆಗ ಮೂಲೆಯಲ್ಲಿದ್ದ ಒಬ್ಬ ಮುದುಕಿ ಕೈಯೆತ್ತಿದಳು. ಧೋಲಕ್ ನಿಂತಿತು. ಗುಲ್ ಬೀಬಿ ಎಂದು ಹೆಸರು. ಸೋಹಾರಿನಲ್ಲಿ ಬೇಗಂ ಅವರ ಪಕ್ಕದ ಮನೆಯ ಬಲೂಚಿ. ಒಮಾನಿನ ಆ ಕರಾವಳಿಯ ತುಂಬ ಬಲೂಚಿಗಳಿದ್ದಾರೆ ಎನ್ನುವುದು ಅಷ್ರಫ್ ಭಾಯಿಗೆ ಹೊಳೆದೇ ಇರಲಿಲ್ಲ. ಗುಲ್ ಬೀಬಿಯ ಅತ್ತೆ ಬ್ರಾಹೂಯಿ.

ಮುದುಕಿ ನನ್ನನ್ನು ನೋಡಿ ಏನೋ ಕೇಳಿದಳು. ನನಗೆ ತೋಚದೆ ‘ಹೌದು’ ಎಂದೆ. ಮತ್ತೇನೋ ಕೇಳಿದಳು. ಮತ್ತೆ ‘ಹೌದು’ ಎಂದೆ. ಆಕೆ ಬೇಗಂ ಕಡೆ ತಿರುಗಿ ನಿಧಾನವಾಗಿ ಹೇಳಿದಳು: “ಈ ಹುಡುಗಿ ನನ್ನ ಅತ್ತೆಯ ಹಾಗೇ ‘ನೀ’ ಅನ್ನುತ್ತಾಳೆ, ‘ಬಾ’ ಅನ್ನುತ್ತಾಳೆ. ಉಳಿದದ್ದು ಯಾವ ದೇಶದ್ದೋ, ಅಲ್ಲಾಹ್‌ಗೇ ಗೊತ್ತು.”

ಬಾಜಿಯ ಮುಖ ಬಿಳಿಚಿತ್ತು. ರುಖ್ಸಾನಾ ಮತ್ತೆ ನನ್ನ ಬೆರಳು ಹಿಡಿದು ನೋಯುವಷ್ಟು ಒತ್ತಿದಳು. ನನ್ನ ಒಂದು ಸುಳ್ಳಿನಿಂದ ಈ ಹುಡುಗಿಯ ಮದುವೆ ನಿಂತರೆ ಎಂಬ ಯೋಚನೆ ಬಂದದ್ದೇ ನಾನು ದುಪಟ್ಟಾವನ್ನು ಹಿಂದಕ್ಕೆ ಸರಿಸಿದೆ. ಕುಂಕುಮ ಕಾಣಿಸಿತು. ನಾವು ಬ್ರಾಹೂಯಿಗಳಲ್ಲ, ಇಂಡಿಯಾದವರು, ಇದು ಕನ್ನಡ, ಅದು ಕೊಂಕಣಿ, ಬಾಜಿಯದು ತಪ್ಪಿಲ್ಲ, ರುಖ್ಸಾನಾಳದು ಏನೇನೂ ಇಲ್ಲ ಎಂದು ನನ್ನ ಫಸ್ಟ್ ಕ್ಲಾಸ್ ಹಿಂದಿಯಲ್ಲಿ ಹೇಳುತ್ತ ಹೋದೆ. ಜೂಲಿಯಾನಾ ಬಾಯಿ ಸದ್ದಿಲ್ಲದೆ ತಮ್ಮ ಶಿಲುಬೆಯನ್ನು ಹೊರಗೆ ತೆಗೆದರು.

ಬೇಗಂ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು. “ಆಗ ನನ್ನ ಕಡೆ ಕೈ ತೋರಿಸಿ ಹಾಡಿದೆಯಲ್ಲ, ಅದರ ಅರ್ಥ ಏನು?”

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಒಂದೊಂದೇ ಸಾಲು ಹೇಳಿದೆ. ಬಾಗಿಲು ಹೇಳಿದೆ, ಗೋಡೆ ಹೇಳಿದೆ. ಹಂಡೆಯಲ್ಲಿ ದನಿ ಹೂತುಹೋಯಿತು. ಮೊದಲು ಬೇಗಂ ಅವರ ಭುಜ ಕದಲಿತು, ಹೊಟ್ಟೆ ಕದಲಿತು, ಒರಗಿದ್ದ ದಿಂಬು ಕದಲಿತು. ನಗು ಬಾಯಿಗೆ ಬರುವ ಹೊತ್ತಿಗೆ ಕಣ್ಣಲ್ಲಿ ನೀರು ಬಂದಿತ್ತು.

“ಹುಡುಗಿಗೆ ಯಾರೂ ಇಲ್ಲ ಅಂದಿದ್ದೆ ನಾನು,” ಎಂದರು ತಮ್ಮ ಹೆಂಗಸರಿಗೆ. “ನೋಡಿ, ನನ್ನನ್ನು ಬೈಯುವುದಕ್ಕೆ ಗಡಿಯಾಚೆಯಿಂದ ಜನ ತಂದಿದ್ದಾಳೆ.”

ಮತ್ತೆ ಧೋಲಕ್ ತಮ್ಮ ತೊಡೆಗೆ ಎಳೆದುಕೊಂಡು ಅಲ್ಲೇ ಕಟ್ಟಿ ಪಂಜಾಬಿಯಲ್ಲಿ ಹಾಡಿದರು. ಹುಡುಗಿಯ ಕಡೆಯ ಬ್ರಾಹೂಯಿ ಒಬ್ಬಳು ಪೊರಕೆ ಕಡ್ಡಿಯಂತಿದ್ದಾಳೆ, ಅವಳ ಪೈಜಾಮ ಅವಳಿಗಿಂತ ಮೊದಲೇ ಸೋಹಾರಿಗೆ ಹೊರಟಿದೆ ಎಂದು. ಹದಿನೇಳು ಹೆಂಗಸರು ಬಿದ್ದು ಬಿದ್ದು ನಕ್ಕರು. ಬಾಜಿ ನಗುತ್ತಲೇ ಅಳುತ್ತಿದ್ದರು. ಕೊನೆಗೆ ಗುಲ್ ಬೀಬಿಯೇ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಲಾಡಿ ಕಟ್ಟುವುದು ಹೇಗೆಂದು ತೋರಿಸಿಕೊಟ್ಟಳು.

ನಿಕಾಹ್ ಆಯಿತು. ಬೀಳ್ಕೊಡುವಾಗ ಹುಡುಗಿಗಿಂತ ಹೆಚ್ಚು ಅತ್ತವಳು ನಾನೇ ಎಂದು ಜೂಲಿಯಾನಾ ಬಾಯಿ ಬಹಳ ವರ್ಷ ಆಡಿಕೊಂಡರು. ಸೋಹಾರಿನ ಮನೆಯಲ್ಲಿ ಅತ್ತೆ ಸ್ವರ ಏರಿಸಿದರೆ, ಬ್ರಾಹೂಯಿಗಳನ್ನು ಕರೆಸಲೇ ಎಂದು ಸೊಸೆ ಕೇಳುತ್ತಿದ್ದಳಂತೆ. ಬೇಗಂ ಮಸ್ಕತ್ತಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು, ಹಾಡಿನಲ್ಲಿದ್ದ ಆ ಪಾಯಸ ಎಲ್ಲಿ ಎನ್ನುತ್ತಿದ್ದರು. ನಾನು ಸಣ್ಣ ಪಾತ್ರೆಯಲ್ಲಿ ಮಾಡಿದ್ದರೆ ಬೇಸರಪಟ್ಟುಕೊಳ್ಳುತ್ತಿದ್ದರು.

ಆರೇಳು ವರ್ಷಗಳ ಮೇಲೆ, ತೊಂಬತ್ತರ ದಶಕದಲ್ಲಿ, ಊರಿನಿಂದ ಯಾರೋ ತಂದ ಕನ್ನಡ ವಾರಪತ್ರಿಕೆಯ ಹಳೆಯ ಸಂಚಿಕೆ ತಿರುವುತ್ತಿದ್ದೆ. ಭಾಷೆಗಳ ಬಗ್ಗೆ ಒಂದು ಲೇಖನ. ಕನ್ನಡ, ತುಳು, ತಮಿಳುಗಳ ಒಡಹುಟ್ಟೊಂದು ದೂರದ ಬಲೂಚಿಸ್ತಾನದಲ್ಲಿದೆ, ಅದರ ಹೆಸರು ಬ್ರಾಹೂಯಿ ಎಂದಿತ್ತು. ಅವರೂ ‘ನೀ’ ಎನ್ನುತ್ತಾರಂತೆ. ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು, ಪತ್ರಿಕೆ ಹಿಡಿದು ಎರಡೆರಡು ಮೆಟ್ಟಿಲು ಹಾರಿ ಮೇಲಕ್ಕೆ ಓಡಿದೆ. ಏದುಸಿರು ಬಿಡುತ್ತ ಓದಿ ಹೇಳಿದೆ. ಬಾಜಿ ಬೆಂಡೆಕಾಯಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

“ನಾನೆಲ್ಲಿ ಸುಳ್ಳು ಹೇಳಿದ್ದೆ?” ಎಂದರು.

ಅಷ್ರಫ್ ಭಾಯಿಯ ಕೆಲಸ ಖಲಾಸ್ ಆಗಿ ಅವರು ಲಾಹೋರಿಗೆ ಮರಳಿದ್ದು ಅದೇ ದಶಕದ ಕೊನೆಗೆ. ಗಂಟೆಗಟ್ಟಲೆ ಹರಟುತ್ತಿದ್ದ ನಮ್ಮಿಬ್ಬರಲ್ಲಿ ಒಬ್ಬರ ಲಿಪಿ ಇನ್ನೊಬ್ಬರಿಗೆ ಬಾರದು ಎನ್ನುವುದು ಗೊತ್ತಾದದ್ದು ಮೊದಲ ಕಾಗದ ಬರೆಯಲು ಕೂತಾಗ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡೆವು. ನಾಲ್ಕು ವರ್ಷಗಳ ಹಿಂದೆ ಬಾಜಿ ತೀರಿಕೊಂಡರು. ನಾನು ಲಾಹೋರು ನೋಡಲಿಲ್ಲ, ಅವರು ಉಡುಪಿ ನೋಡಲಿಲ್ಲ. ಇದನ್ನು ಅಳುತ್ತ ಬರೆಯಬೇಕು ಎಂದುಕೊಂಡಿದ್ದೆ. ಆದರೆ ಆ ಬೆಂಡೆಕಾಯಿ ನೆನಪಾದರೆ ಅಳು ಬರುವುದಿಲ್ಲ.

ಕಳೆದ ವಾರ ರುಖ್ಸಾನಾಳಿಂದ ಮೊಬೈಲಿಗೆ ಸಂದೇಶ ಬಂತು. ಅವಳ ಮಗಳ ಮದುವೆ, ಸೋಹಾರಿನಲ್ಲೇ. “ಮುನ್ನೀ, ಬಾಜಿ ಇಲ್ಲ. ನಮ್ಮ ಕಡೆ ಹಾಡುವವರು ಬೇಕು.” ಮೊಣಕಾಲು ನೋವಿನ ನೆಪ ಹೇಳಿ ಬರಲಾಗದು ಎಂದು ಬರೆದಿಟ್ಟಿದ್ದೆ, ಕಳುಹಿಸಿರಲಿಲ್ಲ. ಇವತ್ತು ನಿಮಗೆ ಇಷ್ಟೆಲ್ಲ ಹೇಳುತ್ತ ಹೇಳುತ್ತ ಅದನ್ನು ಅಳಿಸಿಬಿಟ್ಟೆ. ಜೂಲಿಯಾನಾ ಬಾಯಿಗೆ ಫೋನು ಮಾಡಿದರೆ ಅವರು ಆಗಲೇ ಟಿಕೆಟ್ ಮಾಡಿಸಿ ಕೂತಿದ್ದಾರೆ. ಮಗ ಈಗ ಮಸ್ಕತ್ತಿನ ಅಲ್ ಖೌದ್‌ನಲ್ಲಿದ್ದಾನೆ, ಇಳಿದುಕೊಳ್ಳಲು ಅವನ ಮನೆ ಉಂಟಲ್ಲ, ನೀವು ಎಂತ ಯೋಚನೆ ಮಾಡುದು ಎಂದರು. ಈ ವಯಸ್ಸಿನಲ್ಲಿ ಗುರುತಿಲ್ಲದವರನ್ನು ಬೈಯಲು ಯಾರಾದರೂ ವಿಮಾನ ಹತ್ತುತ್ತಾರೆಯೇ ಎಂದು ನನ್ನ ಗಂಡ ಕೇಳಿ, ತಾವೇ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದರು.

ಒಂದೇ ತೊಡಕು. ಈ ಸಲದ ಬೀಗಿತ್ತಿ ತೆಳ್ಳಗಿದ್ದಾರಂತೆ, ಬರೀ ಸೊಪ್ಪು ಸೌತೆಕಾಯಿ ತಿನ್ನುತ್ತಾರಂತೆ, ಬೆಳಿಗ್ಗೆ ಎದ್ದು ಓಡುತ್ತಾರಂತೆ. ಓಡುವ ಹೆಂಗಸನ್ನು ಹಾಡಿನಲ್ಲಿ ಹಿಡಿಯುವುದು ಸುಲಭವಲ್ಲ. ಮೊದಲ ಸಾಲು ಮಾತ್ರ ಸಿಕ್ಕಿದೆ: ‘ನೀ ನಿಲ್ಲೆ ಬೀಗಿತ್ತಿ, ನಿಂತಲ್ಲಿ ನಿಲ್ಲದೆ.’ ಎರಡನೆಯದು ನಿಮಗೆ ಹೊಳೆದರೆ ಹೇಳಿ. ಶುಕ್ರವಾರ ನನ್ನ ವಿಮಾನ.